ಕೋವಿಡ್-19 ಒಳರೋಗಿಗಳಲ್ಲಿ ನರವ್ಯೂಹದ ತೊಂದರೆಗಳು

ಕೋವಿಡ್-19 ಒಳರೋಗಿಗಳಲ್ಲಿ ನರವ್ಯೂಹದ ತೊಂದರೆಗಳು ಎಂಬುದು ಸಾರ್ಸ್-ಕೋವ್-2 ವೈರಾಣುವಿನ ಸೋಂಕಿನಿಂದ ಆಸ್ಪತ್ರೆಗೆ ದಾಖಲಾದವರಲ್ಲಿ ಮಿದುಳು, ಮಿದುಳುಬಳ್ಳಿ, ನರಗಳು ಹಾಗೂ ಸ್ನಾಯುಗಳಲ್ಲಿ ಕಂಡುಬರುವ ವಿವಿಧ ವಿಕಾರಗಳ ಒಟ್ಟು ಹೆಸರು. ಕೋವಿಡ್-19 ಮೂಲತಃ ಶ್ವಾಸಕೋಶದ ಕಾಯಿಲೆ ಎಂದೇ ಪ್ರಸಿದ್ಧವಾದರೂ, ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿಯೇ ಅದರ ಪರಿಣಾಮ ನರವ್ಯೂಹದ ಮೇಲೂ ಆಗುತ್ತದೆ ಎಂಬುದು ವೈದ್ಯರ ಗಮನಕ್ಕೆ ಬಂದಿತು. ತಲೆನೋವು, ವಾಸನೆ ಮತ್ತು ರುಚಿಯ ನಷ್ಟ ಇವು ಸೌಮ್ಯ ಲಕ್ಷಣಗಳು. ಸನ್ನಿ, ಪಾರ್ಶ್ವವಾಯು, ಫಿಟ್ಸ್, ಮಿದುಳಿನ ಉರಿಯೂತ ಇವು ಗಂಭೀರವಾದವು. ಇವುಗಳಲ್ಲಿ ಹೆಚ್ಚಿನವು ವೈರಾಣು ನೇರವಾಗಿ ಮಿದುಳನ್ನು ಹೊಕ್ಕುದರಿಂದ ಆದವಲ್ಲ. ಆಮ್ಲಜನಕದ ಕೊರತೆ, ರಕ್ತ ಹೆಪ್ಪುಗಟ್ಟುವಿಕೆ, ರೋಗನಿರೋಧಕ ವ್ಯವಸ್ಥೆಯ ಅತಿ ಪ್ರತಿಕ್ರಿಯೆ ಮೊದಲಾದ ಪರೋಕ್ಷ ಕಾರಣಗಳಿಂದ ಆದವು ಎಂಬುದು ಅಧ್ಯಯನಗಳಿಂದ ತಿಳಿದುಬಂದಿದೆ. ಈ ಕಾರಣದಿಂದ ಇವುಗಳಲ್ಲಿ ಹಲವನ್ನು ಬೇಗ ಗುರುತಿಸಿದರೆ ತಡೆಯಲು ಅಥವಾ ಗುಣಪಡಿಸಲು ಸಾಧ್ಯವಿದೆ.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಫೆಬ್ರವರಿ 11ರಂದು ಈ ಕಾಯಿಲೆಗೆ ಕೋವಿಡ್-19 ಎಂದು ಹೆಸರಿಟ್ಟಿತು. ಅದೇ ವರ್ಷದ ಮಾರ್ಚ್ 11ರಂದು ಇದನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆಯಿತು. ಕರ್ನಾಟಕದ ಮೊದಲ ಪ್ರಕರಣ 2020ರ ಮಾರ್ಚ್ ಎರಡನೆಯ ವಾರದಲ್ಲಿ ಬೆಂಗಳೂರಿನಲ್ಲಿ ದೃಢಪಟ್ಟಿತು. ಭಾರತದಲ್ಲಿ ಈ ಕಾಯಿಲೆಯಿಂದಾದ ಮೊದಲ ಸಾವು ಕಲಬುರಗಿಯ 76 ವರ್ಷದ ವೃದ್ಧರೊಬ್ಬರದು.

ಚೀನಾದ ವುಹಾನ್ ನಗರದ ಆಸ್ಪತ್ರೆಗಳಲ್ಲಿದ್ದ 214 ರೋಗಿಗಳ ವಿವರಗಳನ್ನು ಒಳಗೊಂಡ ವರದಿಯೊಂದು 2020ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಅವರಲ್ಲಿ 78 ಮಂದಿಗೆ, ಎಂದರೆ ಶೇ. 36.4ರಷ್ಟು ಜನರಿಗೆ, ಒಂದಲ್ಲ ಒಂದು ನರಸಂಬಂಧಿ ಲಕ್ಷಣವಿತ್ತು. ಕಾಯಿಲೆ ತೀವ್ರವಾಗಿದ್ದವರಲ್ಲಿ ಈ ಪ್ರಮಾಣ ಶೇ. 45.5, ಉಳಿದವರಲ್ಲಿ ಶೇ. 30.2. ಈ ವಿಷಯದಲ್ಲಿ ಮುಂದೆ ನಡೆದ ಅನೇಕ ಅಧ್ಯಯನಗಳಿಗೆ ಇದು ನಾಂದಿಯಾಯಿತು.

ಪ್ರಮಾಣ

ನರವ್ಯೂಹದ ತೊಂದರೆಗಳು ಎಷ್ಟು ರೋಗಿಗಳಲ್ಲಿ ಕಂಡುಬರುತ್ತವೆ ಎಂಬ ಪ್ರಶ್ನೆಗೆ ವಿವಿಧ ಅಧ್ಯಯನಗಳು ಕೊಟ್ಟ ಉತ್ತರಗಳಲ್ಲಿ ಬಹಳ ಅಂತರವಿದೆ. ಅಮೆರಿಕದ ಷಿಕಾಗೊದಲ್ಲಿ 509 ಒಳರೋಗಿಗಳನ್ನು ಪರಿಶೀಲಿಸಿದಾಗ ಶೇ. 82.3 ಮಂದಿಯಲ್ಲಿ ಕಾಯಿಲೆಯ ಯಾವುದಾದರೂ ಒಂದು ಹಂತದಲ್ಲಿ ಇಂಥ ಲಕ್ಷಣ ಕಂಡುಬಂದಿತ್ತು. ನ್ಯೂಯಾರ್ಕ್‌ನಲ್ಲಿ 4,491 ಒಳರೋಗಿಗಳನ್ನು ಪರಿಶೀಲಿಸಿದಾಗ ಈ ಪ್ರಮಾಣ ಶೇ. 13.5 ಮಾತ್ರ.

ಈ ಅಂತರಕ್ಕೆ ಕಾರಣ ಎಣಿಕೆಯ ಕ್ರಮ. ಷಿಕಾಗೊದ ಅಧ್ಯಯನವು ತಲೆನೋವು, ಮೈಕೈ ನೋವು, ತಲೆಸುತ್ತುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ನ್ಯೂಯಾರ್ಕ್‌ನ ಅಧ್ಯಯನವು ಹೊಸದಾಗಿ ಉಂಟಾದ, ನರರೋಗ ತಜ್ಞರು ದೃಢಪಡಿಸಿದ ವಿಕಾರಗಳನ್ನು ಮಾತ್ರ ಗಣಿಸಿತ್ತು. ಆದ್ದರಿಂದ ಇಂಥ ಅಂಕಿಗಳನ್ನು ಓದುವಾಗ ಯಾವ ಲಕ್ಷಣಗಳನ್ನು ಎಣಿಸಲಾಗಿದೆ ಎಂಬುದನ್ನು ಮೊದಲು ಗಮನಿಸಬೇಕಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅಧ್ಯಯನಗಳು ಒಮ್ಮತಕ್ಕೆ ಬಂದಿವೆ. ಪ್ರಜ್ಞೆ ಮಸುಕಾಗುವುದು, ಪಾರ್ಶ್ವವಾಯು ಮೊದಲಾದ ಗಂಭೀರ ತೊಂದರೆಗಳುಳ್ಳ ರೋಗಿಗಳಲ್ಲಿ ಸಾವಿನ ಸಾಧ್ಯತೆ ಇತರರಿಗಿಂತ ಹೆಚ್ಚು. ತಲೆನೋವು ಅಥವಾ ವಾಸನೆಯ ನಷ್ಟದಂತಹ ಲಕ್ಷಣಗಳಿಗೆ ಇದು ಅನ್ವಯಿಸುವುದಿಲ್ಲ.

ಕಾರಣಗಳು

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2ರಷ್ಟು ಮಾತ್ರ; ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗ ಅದಕ್ಕೆ ಬೇಕು. ಆದ್ದರಿಂದ ದೇಹದ ಬೇರೆ ಯಾವ ಅಂಗಕ್ಕೆ ತೊಂದರೆಯಾದರೂ ಅದರ ಪರಿಣಾಮ ಮಿದುಳಿನ ಮೇಲೆ ಆಗುವ ಸಂಭವವಿರುತ್ತದೆ. ಕೋವಿಡ್-19ರಲ್ಲಿ ಮುಖ್ಯವಾಗಿ ಐದು ಕಾರಣಗಳನ್ನು ಗುರುತಿಸಲಾಗಿದೆ.

1. ಆಮ್ಲಜನಕದ ಕೊರತೆ: ಶ್ವಾಸಕೋಶಗಳು ಹಾನಿಗೊಂಡಾಗ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಮಿದುಳಿನ ಜೀವಕೋಶಗಳು ನರಳುತ್ತವೆ. ಕೊರತೆ ದೀರ್ಘವಾದರೆ ಹಾನಿ ಶಾಶ್ವತವಾಗಬಹುದು.

2. ರಕ್ತ ಹೆಪ್ಪುಗಟ್ಟುವಿಕೆ: ತೀವ್ರ ಸೋಂಕಿನಲ್ಲಿ ರಕ್ತನಾಳಗಳ ಒಳಪದರಕ್ಕೆ ಧಕ್ಕೆಯಾಗಿ ರಕ್ತವು ಸುಲಭವಾಗಿ ಹೆಪ್ಪುಗಟ್ಟುತ್ತದೆ. ಈ ಹೆಪ್ಪು ಮಿದುಳಿನ ರಕ್ತನಾಳವನ್ನು ಮುಚ್ಚಿದರೆ ಪಾರ್ಶ್ವವಾಯು ಉಂಟಾಗುತ್ತದೆ.

3. ರೋಗನಿರೋಧಕ ವ್ಯವಸ್ಥೆಯ ಅತಿ ಪ್ರತಿಕ್ರಿಯೆ: ವೈರಾಣುವಿನ ವಿರುದ್ಧ ಹೋರಾಡಬೇಕಾದ ವ್ಯವಸ್ಥೆ ಹತೋಟಿ ಮೀರಿದಾಗ ಉರಿಯೂತವು ಇಡೀ ದೇಹಕ್ಕೆ ಹರಡುತ್ತದೆ. ಕೆಲವೊಮ್ಮೆ ಅದು ದೇಹದ ಸ್ವಂತ ನರಗಳ ಮೇಲೆಯೇ ತಿರುಗಿಬೀಳುತ್ತದೆ.

4. ಇತರ ಅಂಗಗಳ ವೈಫಲ್ಯ ಮತ್ತು ಔಷಧಗಳು: ಮೂತ್ರಪಿಂಡ ಅಥವಾ ಯಕೃತ್ತು ಸೋತಾಗ ರಕ್ತದಲ್ಲಿ ಕಲ್ಮಶಗಳು ಸೇರುತ್ತವೆ, ಸೋಡಿಯಂ ಮತ್ತು ಸಕ್ಕರೆಯ ಪ್ರಮಾಣ ಏರುಪೇರಾಗುತ್ತದೆ. ವೆಂಟಿಲೇಟರ್ ಅಳವಡಿಸಿದ ರೋಗಿಗಳಿಗೆ ಕೊಡುವ ನಿದ್ರಾಜನಕಗಳೂ ಪ್ರಜ್ಞೆಯನ್ನು ಮಂಕುಗೊಳಿಸುತ್ತವೆ.

5. ವೈರಾಣುವಿನ ನೇರ ಪ್ರವೇಶ: ಇದು ಅಪರೂಪವೆಂಬುದು ಈಗಿನ ತಿಳಿವಳಿಕೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮೃತರಾದ 43 ರೋಗಿಗಳ ಮಿದುಳನ್ನು ಪರೀಕ್ಷಿಸಿದಾಗ, ವೈರಾಣುವಿಗಾಗಿ ಹುಡುಕಲಾದ 40 ಮಂದಿಯಲ್ಲಿ 21 ಮಂದಿಯ ಮಿದುಳಿನಲ್ಲಿ ಅದರ ಕುರುಹು ದೊರೆಯಿತು. ಆದರೆ ಕುರುಹು ಇದ್ದವರಲ್ಲಿ ಹಾನಿ ಹೆಚ್ಚಾಗಿಯೂ ಇಲ್ಲದವರಲ್ಲಿ ಕಡಿಮೆಯಾಗಿಯೂ ಇರಲಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಪರೀಕ್ಷಿಸಲಾದ 18 ಮಿದುಳುಗಳಲ್ಲಿ ಮುಖ್ಯವಾಗಿ ಕಂಡುಬಂದದ್ದು ಆಮ್ಲಜನಕದ ಕೊರತೆಯಿಂದಾದ ಹಾನಿ.

ಮುಖ್ಯ ತೊಂದರೆಗಳು

ಸನ್ನಿ

ಆಸ್ಪತ್ರೆಯಲ್ಲಿ ಅತಿ ಹೆಚ್ಚಾಗಿ ಕಂಡುಬಂದ ಗಂಭೀರ ತೊಂದರೆ ಸನ್ನಿ. ಜ್ವರ ತಲೆಗೇರಿದಾಗ ರೋಗಿ ಅಸಂಬದ್ಧವಾಗಿ ಮಾತನಾಡುವುದನ್ನು ಹಿಂದಿನಿಂದಲೂ ಜನ ಈ ಹೆಸರಿನಿಂದ ಗುರುತಿಸಿದ್ದಾರೆ. ವೈದ್ಯಕೀಯದಲ್ಲಿ ಇದನ್ನು ಡಿಲೀರಿಯಂ ಎನ್ನುತ್ತಾರೆ. ಇದು ಕೆಲವು ಗಂಟೆ ಅಥವಾ ದಿನಗಳಲ್ಲಿ ತಲೆದೋರುತ್ತದೆ. ದಿನದಲ್ಲಿ ಹಲವು ಬಾರಿ ಏರಿಳಿಯುತ್ತದೆ. ರೋಗಿಗೆ ಗಮನವನ್ನು ಒಂದೆಡೆ ನಿಲ್ಲಿಸಲಾಗುವುದಿಲ್ಲ, ಸ್ಥಳ, ಕಾಲಗಳ ಅರಿವು ತಪ್ಪುತ್ತದೆ, ಇಲ್ಲದ್ದು ಕಾಣಿಸುತ್ತದೆ.

ಸನ್ನಿಯಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ರೋಗಿ ಚಡಪಡಿಸುತ್ತಾನೆ, ಆಮ್ಲಜನಕದ ಮುಖವಾಡವನ್ನು ಕಿತ್ತೆಸೆಯುತ್ತಾನೆ, ಹಾಸಿಗೆಯಿಂದ ಎದ್ದು ಹೋಗಲು ಯತ್ನಿಸುತ್ತಾನೆ. ಇನ್ನೊಂದರಲ್ಲಿ ಸುಮ್ಮನೆ ಮಂಕಾಗಿ ಮಲಗಿರುತ್ತಾನೆ. ಎರಡನೆಯ ಬಗೆಯವರು ಯಾರಿಗೂ ತೊಂದರೆ ಕೊಡುವುದಿಲ್ಲವಾದ ಕಾರಣ, ರೋಗಿ ಶಾಂತವಾಗಿದ್ದಾನೆಂದು ತಪ್ಪಾಗಿ ಭಾವಿಸುವ ಅಪಾಯವಿದೆ.

ವಯಸ್ಸಾದವರಲ್ಲಿ ಸನ್ನಿಯೇ ಕೋವಿಡ್‌ನ ಮೊದಲ ಲಕ್ಷಣವಾಗಿರಬಹುದು. ಅಮೆರಿಕದಲ್ಲಿ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ 817 ಮಂದಿ ವೃದ್ಧ ಕೋವಿಡ್ ರೋಗಿಗಳಲ್ಲಿ ಶೇ. 28 ಮಂದಿಗೆ ಬರುವಾಗಲೇ ಸನ್ನಿಯಿತ್ತು. ಅಂಥವರಲ್ಲಿ ಶೇ. 37 ಮಂದಿಗೆ ಜ್ವರ, ಉಸಿರಾಟದ ತೊಂದರೆ ಮೊದಲಾದ ಸಾಮಾನ್ಯ ಲಕ್ಷಣಗಳೇ ಇರಲಿಲ್ಲ. ಮನೆಯಲ್ಲಿ ನಿನ್ನೆಯವರೆಗೆ ಸರಿಯಾಗಿದ್ದ ಹಿರಿಯರು ಇಂದು ಗೊಂದಲದಿಂದ ಮಾತನಾಡಿದರೆ ಅದನ್ನು ಮುಪ್ಪಿನ ಮರೆವೆಂದು ಬದಿಗಿಡದೆ, ಆಮ್ಲಜನಕದ ಮಟ್ಟವನ್ನು ಅಳೆದು ವೈದ್ಯರಿಗೆ ತೋರಿಸಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪಾರ್ಶ್ವವಾಯು

ಜನಸಾಮಾನ್ಯರು ಲಕ್ವ ಎನ್ನುವ ಪಾರ್ಶ್ವವಾಯುವು ಕೋವಿಡ್ ಒಳರೋಗಿಗಳಲ್ಲಿ ಸುಮಾರು ನೂರಕ್ಕೆ ಒಬ್ಬಿಬ್ಬರಲ್ಲಿ ಕಂಡುಬಂದಿದೆ. ನ್ಯೂಯಾರ್ಕ್‌ನ ಎರಡು ಆಸ್ಪತ್ರೆಗಳ ಒಂದು ಹೋಲಿಕೆಯಲ್ಲಿ ಕೋವಿಡ್ ರೋಗಿಗಳ ಪೈಕಿ ಶೇ. 1.6 ಮಂದಿಗೂ, ಇನ್‌ಫ್ಲುಯೆಂಜಾ ರೋಗಿಗಳ ಪೈಕಿ ಶೇ. 0.2 ಮಂದಿಗೂ ಹೆಪ್ಪಿನಿಂದಾದ ಪಾರ್ಶ್ವವಾಯು ಉಂಟಾಗಿತ್ತು. ಹೆಚ್ಚಿನವರು ವೃದ್ಧರು, ರಕ್ತದೊತ್ತಡ ಅಥವಾ ಮಧುಮೇಹ ಉಳ್ಳವರು. ಆದರೆ 50 ವರ್ಷಕ್ಕಿಂತ ಕಡಿಮೆ ವಯಸ್ಸಿನವರಲ್ಲಿಯೂ ಮಿದುಳಿನ ದೊಡ್ಡ ರಕ್ತನಾಳಗಳು ಮುಚ್ಚಿಹೋದ ಉದಾಹರಣೆಗಳು ವರದಿಯಾದವು.

ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಇದರ ಮುಖ್ಯ ಚಿಹ್ನೆಗಳು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ನಿದ್ರಾಜನಕದ ಅಮಲಿನಲ್ಲಿರುವ ರೋಗಿಯಲ್ಲಿ ಈ ಚಿಹ್ನೆಗಳು ಮರೆಯಾಗಿರುವುದರಿಂದ, ತೀವ್ರ ನಿಗಾ ಘಟಕದಲ್ಲಿ ಈ ಅವಧಿ ಯಾರಿಗೂ ತಿಳಿಯದಂತೆ ಕಳೆದುಹೋಗುವ ಸಾಧ್ಯತೆ ಇರುತ್ತದೆ.

ಫಿಟ್ಸ್ ಮತ್ತು ಮಿದುಳಿನ ಉರಿಯೂತ

ಫಿಟ್ಸ್ ಕಡಿಮೆ ಪ್ರಮಾಣದ ರೋಗಿಗಳಲ್ಲಿ ಕಂಡುಬಂದಿದೆ. ಮೂರ್ಛೆರೋಗ ಮೊದಲೇ ಇದ್ದವರಲ್ಲಿ ಜ್ವರ ಅಥವಾ ಮಾತ್ರೆ ತಪ್ಪಿದ್ದರಿಂದಲೂ, ಇತರರಲ್ಲಿ ಆಮ್ಲಜನಕ ಅಥವಾ ಸೋಡಿಯಂ ಕೊರತೆಯಿಂದಲೂ ಇದು ಬರಬಹುದು. ಮಿದುಳಿನ ಉರಿಯೂತವು ಇನ್ನೂ ಅಪರೂಪ, ಬಂದಾಗ ತೀವ್ರವಾಗಿರುತ್ತದೆ.

ನರ ಮತ್ತು ಸ್ನಾಯುಗಳ ದೌರ್ಬಲ್ಯ

ಗಿಲಾನ್-ಬಾರೆ ಸಿಂಡ್ರೋಮ್ ಎಂಬ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆಯು ನರಗಳ ಮೇಲೆ ದಾಳಿ ಮಾಡುತ್ತದೆ. ಸಾಮಾನ್ಯವಾಗಿ ಕಾಲುಗಳಿಂದ ಆರಂಭವಾಗುವ ನಿಶ್ಶಕ್ತಿ ಮೇಲಕ್ಕೇರಿ ಉಸಿರಾಟದ ಸ್ನಾಯುಗಳನ್ನೂ ಮುಟ್ಟಬಹುದು. ಸೋಂಕಿನ ಕೆಲವು ದಿನ ಅಥವಾ ವಾರಗಳ ಬಳಿಕ ಇದು ಕೆಲವರಲ್ಲಿ ವರದಿಯಾಗಿದೆ. ಇದಲ್ಲದೆ, ವಾರಗಟ್ಟಲೆ ವೆಂಟಿಲೇಟರ್‌ನಲ್ಲಿದ್ದವರ ಕೈಕಾಲುಗಳ ಸ್ನಾಯುಗಳು ಕ್ಷೀಣಿಸಿ, ಅವರು ಮತ್ತೆ ನಡೆಯಲು ಕಲಿಯಬೇಕಾದ ಸಂದರ್ಭಗಳು ಸಾಮಾನ್ಯವಾಗಿದ್ದವು.

ವಾಸನೆ ಮತ್ತು ರುಚಿಯ ನಷ್ಟ

ಇದು ಸೌಮ್ಯ ಕಾಯಿಲೆಯವರಲ್ಲಿಯೂ ಬಹು ಸಾಮಾನ್ಯ. ವೈರಾಣು ಅಂಟಿಕೊಳ್ಳಲು ಬೇಕಾದ ಎಸಿಇ-2 ಎಂಬ ಪ್ರೋಟೀನು ವಾಸನೆಯ ನರಕೋಶಗಳಲ್ಲಿ ಇರುವುದಿಲ್ಲ; ಅವುಗಳಿಗೆ ಆಸರೆಯಾಗಿರುವ ಪೋಷಕ ಕೋಶಗಳಲ್ಲಿ ಇರುತ್ತದೆ. ಹೆಚ್ಚಿನವರಲ್ಲಿ ವಾಸನೆ ಕೆಲವು ವಾರಗಳಲ್ಲಿ ಮರಳಿ ಬರುವುದಕ್ಕೆ ಇದೇ ಕಾರಣವೆಂದು ಭಾವಿಸಲಾಗಿದೆ.

ರೋಗನಿರ್ಣಯ

ಪ್ರಜ್ಞೆಯ ಪರೀಕ್ಷೆ ಹಾಸಿಗೆಯ ಪಕ್ಕದಲ್ಲಿಯೇ ಆರಂಭವಾಗುತ್ತದೆ. ರೋಗಿ ಕರೆದರೆ ಓಗೊಡುವನೇ, ತಾನೆಲ್ಲಿದ್ದೇನೆಂದು ಹೇಳಬಲ್ಲನೇ, ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಬಲ್ಲನೇ ಎಂದು ನೋಡಲಾಗುತ್ತದೆ. ಈ ಪ್ರಶ್ನೆಗಳನ್ನು ರೋಗಿಯ ಮನೆಮಾತಿನಲ್ಲಿ ಕೇಳುವುದು ಮುಖ್ಯ. ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿಗಳನ್ನಾಡುವ ಜನ ಒಂದೇ ವಾರ್ಡಿನಲ್ಲಿರುವ ಬೆಂಗಳೂರಿನಂತಹ ನಗರದಲ್ಲಿ, ಭಾಷೆ ತಿಳಿಯದೆ ಉತ್ತರಿಸದವನನ್ನು ಗೊಂದಲಗೊಂಡವನೆಂದೂ, ಗೊಂದಲಗೊಂಡವನನ್ನು ಭಾಷೆ ತಿಳಿಯದವನೆಂದೂ ಎಣಿಸುವ ಸಾಧ್ಯತೆ ಇರುತ್ತದೆ.

ಬಳಿಕ ರಕ್ತಪರೀಕ್ಷೆ, ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್, ಫಿಟ್ಸ್ ಶಂಕೆಯಿದ್ದರೆ ಇ.ಇ.ಜಿ., ಉರಿಯೂತದ ಶಂಕೆಯಿದ್ದರೆ ಬೆನ್ನುಹುರಿಯ ಸುತ್ತಲಿನ ದ್ರವದ ಪರೀಕ್ಷೆ ನಡೆಸುತ್ತಾರೆ. ಸಾಂಕ್ರಾಮಿಕದ ದಿನಗಳಲ್ಲಿ ವೆಂಟಿಲೇಟರ್ ಸಹಿತ ರೋಗಿಯನ್ನು ಸ್ಕ್ಯಾನ್ ಕೊಠಡಿಗೆ ಸಾಗಿಸುವುದೇ ಕಷ್ಟವಾಗಿತ್ತು; ಪ್ರತಿ ಬಾರಿ ಯಂತ್ರವನ್ನು ಸೋಂಕುಮುಕ್ತಗೊಳಿಸಬೇಕಾಗಿತ್ತು. ಆದ್ದರಿಂದ ಅನೇಕರಿಗೆ ಈ ಪರೀಕ್ಷೆಗಳು ತಡವಾದವು.

ಚಿಕಿತ್ಸೆ ಮತ್ತು ಆರೈಕೆ

ನರವ್ಯೂಹದ ತೊಂದರೆಗಳಿಗೆ ಪ್ರತ್ಯೇಕವಾದ ಒಂದೇ ಔಷಧವಿಲ್ಲ. ಆಮ್ಲಜನಕದ ಪೂರೈಕೆ, ನೀರು ಮತ್ತು ಲವಣಗಳ ಸಮತೋಲನ, ಸಕ್ಕರೆಯ ನಿಯಂತ್ರಣ ಇವು ಮೊದಲ ಕ್ರಮಗಳು. ಹೆಪ್ಪುಗಟ್ಟುವಿಕೆಯನ್ನು ತಡೆಯಲು ಒಳರೋಗಿಗಳಿಗೆ ಹೆಪಾರಿನ್ ಕೊಡಲಾಗುತ್ತದೆ. ಆಮ್ಲಜನಕದ ಅಗತ್ಯವಿರುವವರಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಪ್ರಯೋಜನಕಾರಿ ಎಂಬುದು 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಿಂದ ತಿಳಿಯಿತು. ಗಿಲಾನ್-ಬಾರೆ ಸಿಂಡ್ರೋಮ್‌ಗೆ ಇಮ್ಯುನೋಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ವಿನಿಮಯದ ಚಿಕಿತ್ಸೆ ಇದೆ.

ಸನ್ನಿಯ ವಿಷಯದಲ್ಲಿ ಆರೈಕೆಯ ಕ್ರಮ ಔಷಧದಷ್ಟೇ ಮುಖ್ಯ. 14 ದೇಶಗಳ 69 ತೀವ್ರ ನಿಗಾ ಘಟಕಗಳಲ್ಲಿದ್ದ 2,088 ಕೋವಿಡ್ ರೋಗಿಗಳ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 55 ಮಂದಿಗೆ ಸನ್ನಿ ಉಂಟಾಗಿತ್ತು. ಬೆಂಜೊಡಯಜೆಪೀನ್ ವರ್ಗದ ನಿದ್ರಾಜನಕವನ್ನು ನಿರಂತರವಾಗಿ ಪಡೆದವರಲ್ಲಿ ಸನ್ನಿಯ ಸಾಧ್ಯತೆ ಹೆಚ್ಚಾಗಿತ್ತು. ಮನೆಯವರು ಖುದ್ದಾಗಿ ಅಥವಾ ಫೋನಿನ ಪರದೆಯ ಮೂಲಕ ಭೇಟಿಯಾದವರಲ್ಲಿ ಕಡಿಮೆಯಾಗಿತ್ತು. ಇದು ಪರಸ್ಪರ ಸಂಬಂಧವನ್ನು ತೋರಿಸುವ ಅಧ್ಯಯನವೇ ಹೊರತು ಕಾರಣವನ್ನು ಸಿದ್ಧಪಡಿಸುವ ಪ್ರಯೋಗವಲ್ಲ. ಆದರೂ ಸಾಂಕ್ರಾಮಿಕಕ್ಕಿಂತ ಹಿಂದಿನ ತಿಳಿವಳಿಕೆಗೆ ಇದು ಹೊಂದಿಕೆಯಾಗುತ್ತದೆ.

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗೆ ಮನೆಯವರೊಬ್ಬರು ಇರುವುದು ರೂಢಿ. ಕೋವಿಡ್ ವಾರ್ಡುಗಳಲ್ಲಿ ಸೋಂಕಿನ ಭಯದಿಂದ ಇದು ನಿಂತುಹೋಯಿತು. ವೈದ್ಯರು, ದಾದಿಯರು ಮೈಮುಚ್ಚುವ ರಕ್ಷಾಕವಚ ಧರಿಸಿದ್ದರಿಂದ ರೋಗಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಹಗಲು ರಾತ್ರಿಗಳ ವ್ಯತ್ಯಾಸವಿಲ್ಲದ ದೀಪ, ಯಂತ್ರಗಳ ಸದ್ದು, ಕನ್ನಡಕ ಮತ್ತು ಶ್ರವಣಯಂತ್ರಗಳು ಮನೆಯಲ್ಲಿಯೇ ಉಳಿದದ್ದು ಇವೆಲ್ಲವೂ ಸನ್ನಿಯನ್ನು ಹೆಚ್ಚಿಸಬಲ್ಲ ಸಂಗತಿಗಳು. ಆದ್ದರಿಂದ ಸಾಮಾನ್ಯವಾಗಿ ಈ ಕೆಳಗಿನ ಕ್ರಮಗಳನ್ನು ಸೂಚಿಸಲಾಗುತ್ತದೆ.

• ರೋಗಿಗೆ ಆಗಾಗ ದಿನಾಂಕ, ಸ್ಥಳ ಮತ್ತು ತಾನು ಆಸ್ಪತ್ರೆಯಲ್ಲಿರುವ ಕಾರಣವನ್ನು ಅವರ ಭಾಷೆಯಲ್ಲಿ ತಿಳಿಸುವುದು.
• ಕನ್ನಡಕ, ಶ್ರವಣಯಂತ್ರ, ಕಟ್ಟುಹಲ್ಲುಗಳನ್ನು ಒದಗಿಸುವುದು.
• ರಾತ್ರಿ ದೀಪ ಮತ್ತು ಸದ್ದನ್ನು ತಗ್ಗಿಸಿ ನಿದ್ರೆಗೆ ಅವಕಾಶ ಮಾಡುವುದು.
• ನಿದ್ರಾಜನಕಗಳನ್ನು ಸಾಧ್ಯವಾದಷ್ಟು ಕಡಿಮೆ ಮಾಡುವುದು. ಬೇಗನೆ ಎಬ್ಬಿಸಿ ಕೂರಿಸುವುದು.
• ಮನೆಯವರ ಧ್ವನಿಯನ್ನಾದರೂ ಪ್ರತಿದಿನ ಕೇಳಿಸುವುದು.

ಇವುಗಳಿಗೆ ಖರ್ಚು ಕಡಿಮೆ. ಬೇಕಾದದ್ದು ಸಮಯ ಮತ್ತು ಸಿಬ್ಬಂದಿ. ರೋಗಿಗಳ ಸಂಖ್ಯೆ ವಿಪರೀತವಾಗಿದ್ದ ದಿನಗಳಲ್ಲಿ ಕೊರತೆಯಾದದ್ದೂ ಅವೇ.

ಕರ್ನಾಟಕದಲ್ಲಿ

ನರರೋಗಗಳಿಗೆ ರಾಜ್ಯದ ಪ್ರಮುಖ ಕೇಂದ್ರವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ನಿಮ್ಹಾನ್ಸ್, ದಕ್ಷಿಣ ಬೆಂಗಳೂರಿನ ಹೊಸೂರು ರಸ್ತೆಯಲ್ಲಿದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಹಳ್ಳಿಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿಟಿಎಂ ಲೇಔಟ್ ಇದಕ್ಕೆ ಸಮೀಪದ ಬಡಾವಣೆ. 1847ರಲ್ಲಿ ಸ್ಥಾಪಿತವಾದ ಮಾನಸಿಕ ಚಿಕಿತ್ಸಾಲಯವೊಂದರಿಂದ ಬೆಳೆದುಬಂದ ಈ ಸಂಸ್ಥೆಯು 1974ರಲ್ಲಿ ಈಗಿನ ರೂಪವನ್ನು ಪಡೆಯಿತು. ಇದರ ನರವೈರಾಣು ವಿಭಾಗದ ಪ್ರಯೋಗಾಲಯವು ಸೋಂಕು ಪರೀಕ್ಷೆಯಲ್ಲಿ ಪಾಲ್ಗೊಂಡಿತು. ವೈರಾಣುವಿನ ರೂಪಾಂತರಗಳನ್ನು ಗುರುತಿಸುವ ರಾಷ್ಟ್ರೀಯ ಪ್ರಯೋಗಾಲಯ ಜಾಲದಲ್ಲಿಯೂ ಸೇರಿತ್ತು. ಜನರ ಮಾನಸಿಕ ಒತ್ತಡವನ್ನು ತಗ್ಗಿಸಲು ಸಂಸ್ಥೆಯು 2020ರಲ್ಲಿ ಉಚಿತ ದೂರವಾಣಿ ಸಹಾಯವಾಣಿಯನ್ನು ನಡೆಸಿತು.

2021ರ ಎರಡನೆಯ ಅಲೆಯಲ್ಲಿ ಪರಿಸ್ಥಿತಿ ಅತಿ ಕಠಿಣವಾಯಿತು. ಮೇ ತಿಂಗಳ ಆರಂಭದಲ್ಲಿ ರಾಜ್ಯದ ದೈನಂದಿನ ಪ್ರಕರಣಗಳು 50 ಸಾವಿರ ದಾಟಿದವು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟ ಘಟನೆಯಿಂದಾಗಿ ಆಮ್ಲಜನಕದ ಕೊರತೆ ರಾಜ್ಯದ ಎಲ್ಲರ ಚರ್ಚೆಯ ವಿಷಯವಾಯಿತು. ಕೆಲವೇ ನಿಮಿಷಗಳ ತೀವ್ರ ಕೊರತೆಯನ್ನೂ ತಾಳಲಾರದ ಅಂಗ ಮಿದುಳು ಎಂಬ ಹಿನ್ನೆಲೆಯಲ್ಲಿ ಈ ಕೊರತೆಯ ಗಂಭೀರತೆಯನ್ನು ಅರಿಯಬಹುದು.

ಇದೇ ಸಮಯದಲ್ಲಿ ಕಪ್ಪು ಶಿಲೀಂಧ್ರವೆಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ಕಾಣಿಸಿಕೊಂಡಿತು. ಹತೋಟಿಯಲ್ಲಿಲ್ಲದ ಮಧುಮೇಹ ಮತ್ತು ಸ್ಟೀರಾಯ್ಡ್‌ಗಳ ಅತಿ ಬಳಕೆ ಇದಕ್ಕೆ ಮುಖ್ಯ ಕಾರಣಗಳು. ಈ ಶಿಲೀಂಧ್ರವು ಮೂಗಿನಿಂದ ಆರಂಭವಾಗಿ ಕಣ್ಣಿನ ಗೂಡಿಗೂ ಅಲ್ಲಿಂದ ಮಿದುಳಿಗೂ ಹರಡಬಲ್ಲದು. ಮುಖದ ಒಂದು ಬದಿಯ ನೋವು ಅಥವಾ ಜೋಮು, ರೆಪ್ಪೆ ಇಳಿಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು ಇದರ ಎಚ್ಚರಿಕೆಯ ಚಿಹ್ನೆಗಳು. ಕರ್ನಾಟಕ ಸರ್ಕಾರವು 2021ರ ಮೇ ತಿಂಗಳಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ವ್ಯವಸ್ಥೆ ಮಾಡಲಾಯಿತು. ಆಂಫೊಟೆರಿಸಿನ್-ಬಿ ಔಷಧ ಮತ್ತು ಹಾನಿಗೊಂಡ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆ ಇದರ ಚಿಕಿತ್ಸಾಕ್ರಮ.

2022ರಲ್ಲಿ ರಾಜ್ಯ ಆರೋಗ್ಯ ಇಲಾಖೆ ಮತ್ತು ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದವು. ಜಯನಗರದ ಸಾರ್ವಜನಿಕ ಆಸ್ಪತ್ರೆ, ಕೋಲಾರ ಮತ್ತು ಚಿಕ್ಕಬಳ್ಳಾಪುರಗಳಲ್ಲಿ ಮೊದಲ ಮಿದುಳು ಆರೋಗ್ಯ ಚಿಕಿತ್ಸಾಲಯಗಳು ತೆರೆದವು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆವಿನ ಕಾಯಿಲೆಗಳಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡುವುದು ಇದರ ಉದ್ದೇಶ.

ಚೇತರಿಕೆ

ಮುಖ್ಯವಾಗಿ ಅಮೆರಿಕದ ಆರೋಗ್ಯ ದಾಖಲೆಗಳನ್ನು ಆಧರಿಸಿ, ಸೋಂಕಿನಿಂದ ಬದುಕುಳಿದ 2,36,379 ಮಂದಿಯ ವಿವರಗಳನ್ನು ಆಕ್ಸ್‌ಫರ್ಡ್‌ನ ಸಂಶೋಧಕರು 2021ರಲ್ಲಿ ವಿಶ್ಲೇಷಿಸಿದರು. ಆರು ತಿಂಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ನರಸಂಬಂಧಿ ಅಥವಾ ಮಾನಸಿಕ ಕಾಯಿಲೆಯೊಂದು ದಾಖಲಾಗಿತ್ತು. ತೀವ್ರ ನಿಗಾ ಘಟಕದಲ್ಲಿದ್ದವರಲ್ಲಿ ಈ ಪ್ರಮಾಣ ಶೇ. 46. ಇವುಗಳಲ್ಲಿ ಆತಂಕ ಮತ್ತು ಖಿನ್ನತೆಯಂತಹ ತೊಂದರೆಗಳೇ ಹೆಚ್ಚು; ಕೆಲವು ಸೋಂಕಿಗಿಂತ ಮೊದಲೇ ಇದ್ದವು.

ಮರೆವು, ಗಮನದ ಕೊರತೆ, ದಣಿವು ತಿಂಗಳುಗಟ್ಟಲೆ ಉಳಿಯಬಹುದು. ಸನ್ನಿಯಲ್ಲಿ ಕಂಡ ದೃಶ್ಯಗಳ ನೆನಪು ಕೆಲವರನ್ನು ಬಹುಕಾಲ ಕಾಡುತ್ತದೆ. ಅದು ಹುಚ್ಚಲ್ಲ, ದೇಹದ ಕಾಯಿಲೆಯಿಂದಾದ ಪ್ರಜ್ಞೆಯ ಏರುಪೇರು ಎಂದು ರೋಗಿಗೂ ಮನೆಯವರಿಗೂ ವಿವರಿಸುವುದು ಚೇತರಿಕೆಯ ಒಂದು ಭಾಗವೇ ಆಗಿದೆ. ಭೌತಚಿಕಿತ್ಸೆ, ನಿದ್ರೆಯ ಶಿಸ್ತು, ಹಂತಹಂತವಾಗಿ ದಿನಚರಿಗೆ ಮರಳುವುದು ಸಹಾಯಕ.

ಹಿಂದಿನ ಉದಾಹರಣೆಗಳು

ವೈರಾಣು ಸೋಂಕು ನರವ್ಯೂಹವನ್ನು ಬಾಧಿಸುವುದು ಹೊಸದಲ್ಲ. 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದ ಆಸುಪಾಸಿನ ವರ್ಷಗಳಲ್ಲಿ ನಿದ್ರಾರೂಪದ ಮಿದುಳುರಿಯೂತವೊಂದು ಹರಡಿತ್ತು. ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ವಾನ್ ಎಕಾನಮೊ ಅದನ್ನು 1917ರಲ್ಲಿ ವಿವರಿಸಿದ್ದ. ಇನ್‌ಫ್ಲುಯೆಂಜಾದೊಂದಿಗೆ ಅದರ ಸಂಬಂಧ ಇಂದಿಗೂ ಸಿದ್ಧವಾಗಿಲ್ಲ. ಕರ್ನಾಟಕದಲ್ಲಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯಲ್ಲಿಯೂ ಕೆಲವು ರೋಗಿಗಳಿಗೆ ಜ್ವರ ಇಳಿದ ಒಂದೆರಡು ವಾರಗಳ ಬಳಿಕ ಎರಡನೆಯ ಹಂತದಲ್ಲಿ ತೀವ್ರ ತಲೆನೋವು, ನಡುಕ, ಗೊಂದಲಗಳು ಕಾಣಿಸಿಕೊಳ್ಳುತ್ತವೆ. ಜ್ವರದ ರೋಗಿಯ ಮಾತು ಮತ್ತು ಪ್ರಜ್ಞೆಯನ್ನು ಗಮನಿಸುತ್ತಿರಬೇಕೆಂಬುದಕ್ಕೆ ಈ ಕಾಯಿಲೆಯೂ ನಿದರ್ಶನ.

ಇವನ್ನೂ ನೋಡಿ

• ಕೋವಿಡ್-19
• ಪಾರ್ಶ್ವವಾಯು
• ಮಂಗನ ಕಾಯಿಲೆ
• ನಿಮ್ಹಾನ್ಸ್